ಕ್ಯಾಮೆರಾಕ್ಕಾಗಿ ಇನ್ನೊಂದು ಪ್ರಾರ್ಥನೆ

ಹರಪನಹಳ್ಳಿಯ ಕಾಲೇಜಿನಲ್ಲಿ ಸಂಸ್ಕೃತಿ ಅಧ್ಯಯನ ಕಲಿಸುವ ಇನ್ನಾಸಪ್ಪನವರು ಕಥೋಲಿಕರು. ಪ್ರಾರ್ಥನೆ ಎಂದರೇನು ಎಂಬುದರ ಮೇಲೆ ದಪ್ಪ ಪ್ರಬಂಧ ಬರೆದು ಡಾಕ್ಟರಾದವರು. ಆದರೆ ಹೆಂಡತಿ ರೋಜಮ್ಮ ತೀರಿಕೊಂಡ ಮೇಲೆ ಅವರಿಗೆ ಒಂದು ಪ್ರಾರ್ಥನೆಯನ್ನೂ ಮುಗಿಸಲಾಗುತ್ತಿರಲಿಲ್ಲ. ದೇವರಿಗೆ "ನಿಮ್ಮ ಚಿತ್ತ ನೆರವೇರಲಿ" ಎನ್ನುವಲ್ಲಿಗೆ ಬಂದು ಅಳು ಬಂದು ನಿಲ್ಲಿಸಿಬಿಡುತ್ತಿದ್ದರು.

ಕಾಲೇಜು ರೋಜಮ್ಮನಿಗೆ ನುಡಿನಮನ ಇಟ್ಟಿತು. ಕಾಲೇಜಿಗೆ ದರ್ಜೆ ಕೊಡುವ ಮೌಲ್ಯಮಾಪನ ಸಮಿತಿ ಬರುವ ತಿಂಗಳಲ್ಲೇ ಸಹೋದ್ಯೋಗಿಗಳ ದುಃಖ ಉಕ್ಕಿ ಬಂದಿತ್ತು. ಬ್ಯಾನರಿನಲ್ಲಿ ಸರ್ವಧರ್ಮ ಸಾಮರಸ್ಯ ದೊಡ್ಡಕ್ಷರದಲ್ಲಿತ್ತು, ರೋಜಮ್ಮ ಸಣ್ಣಕ್ಷರದಲ್ಲಿದ್ದಳು.

ಇನ್ನಾಸಪ್ಪ ಎದ್ದು ಪ್ರಾರ್ಥನೆ ಶುರುಮಾಡಿದರು. ಅದೇ ಸಾಲಿನಲ್ಲಿ ತಡೆದು ಕೂತುಬಿಟ್ಟರು.

"ಚಲೋ ಆತು ಬಿಡ್ರಿ ಸರ," ಎಂದರು ಪ್ರಿನ್ಸಿಪಾಲ್ ಗವಿಸಿದ್ದೇಶ್. "ಕ್ಯಾಮೆರಾ ಚಾಲೂನ ಆಗಿರ್ಲಿಲ್ಲ. ಇನ್ನೊಮ್ಮೆ ಮಾಡ್ರಿ."

"ಸತ್ತಾಕಿ ಒಮ್ಮೆ ಸತ್ತಾಳ್ರಿ."

"ಖರೇ ಐತ್ರಿ. ಆದ್ರ ಸಮಿತಿಯೋರು ಫೋಟೋ ಕೇಳ್ತಾರ. ಗಂಗಾಂಬಿಕಾ ಮೇಡಂ, ನೀವೂ ಕೈ ಮುಗೀರಿ, ಮಾರಿ ಸ್ವಲ್ಪ ಮ್ಯಾಲೆತ್ರಿ."

ಸಿಟ್ಟಿನಲ್ಲಿ ಎದ್ದ ಇನ್ನಾಸಪ್ಪ ಸಿಟ್ಟಿನಲ್ಲೇ ಶುರುಮಾಡಿದರು. ಸಿಟ್ಟು ಅಳುವಿಗೆ ಜಾಗ ಬಿಡಲಿಲ್ಲ. "ನಿಮ್ಮ ಚಿತ್ತ ನೆರವೇರಲಿ" ಎಂಬುದು ಜಗಳದ ದನಿಯಲ್ಲೇ ಹೊರಬಿತ್ತು. ಆಮೆನ್ ತನಕ ಹೇಳಿ ಮುಗಿಸಿದರು. ಸಭೆಯೆಲ್ಲ ಭಕ್ತಿಯಿಂದ ಕೈಮುಗಿದು ಕ್ಯಾಮೆರಾ ನೋಡುತ್ತಿತ್ತು.

"ಈಗ ಸಾಕೇನ್ರಿ?" ಎಂದರು ಇನ್ನಾಸಪ್ಪ.

"ಭಾಳ ಸಾಕಾತ್ರಿ ಸರ. ಊಟಕ್ಕ ಏಳೋಣ."

"ನನಗಿನ್ನೂ ಸಾಕಾಗಿಲ್ರಿ," ಎಂದು ಅವರು ಮತ್ತೆ ಮೊದಲಿನಿಂದ, ಈ ಸಲ ಮೆಲ್ಲಗೆ, ಹೆಂಡತಿಗಾಗಿ ಬೇಡತೊಡಗಿದರು. ಸಾಮರಸ್ಯದವರೆಲ್ಲ ಊಟದ ಸಾಲಿಗೆ ಓಡಿದರು.