ನೋಯದ ಗಂಟು

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಸೊಸೆ ಸೆಕೆಗೆ ಅಂಗಿಯ ತೋಳು ಮೇಲೆ ಸರಿಸಿದಾಗ ಅತ್ತೆಯ ಕಣ್ಣಿಗೆ ಅದು ಬಿತ್ತು. ಮೊಣಕೈ ಕೆಳಗೆ ಬಟಾಣಿ ಗಾತ್ರದ ನೇರಳೆ ಗಂಟು.

ಎರಡು ವರ್ಷದ ಹಿಂದೆ ಸೊಸೆಯ ಕಿಡ್ನಿಗಳು ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು ಈ ಅತ್ತೆಯೇ. ಅಂದಿನಿಂದ ಸೊಸೆ ಕೆಮ್ಮಿದರೂ ಓಡಿ ಬಂದು ಹಣೆ ಮುಟ್ಟಿ ನೋಡುತ್ತಿದ್ದಳು. ಆದರೆ ಗಂಟು, ಕುರು ಅವಳಿಗೆ ಹೊಸದಲ್ಲ. ಮನೆಮಂದಿಯದನ್ನೆಲ್ಲ ಶಾಖ ಕೊಟ್ಟು, ಹಿಸುಕಿ ವಾಸಿ ಮಾಡಿದ ಕೈ ಅದು. ನೀರು ಕಾಯಲು ಇಟ್ಟಳು.

ಅಷ್ಟರಲ್ಲಿ ಕೆಳಮನೆಯ ನರ್ಸ್ ಸಮವಸ್ತ್ರ ಬಿಗಿ ಮಾಡಿಸಲು ಬಂದಳು. ಗಂಟು ನೋಡಿದವಳೇ ಒಲೆ ಆರಿಸಿದಳು. ಹಿಸುಕಬೇಡಿ, ಮುಲಾಮೂ ಹಚ್ಚಬೇಡಿ, ಇವತ್ತೇ ಕಿಡ್ನಿ ಹಾಕಿದ ಆಸ್ಪತ್ರೆಗೆ ತೋರಿಸಿ ಎಂದಳು.

"ಜ್ವರ ಇಲ್ಲ, ನೋವಿಲ್ಲ, ಕೀವೂ ಇಲ್ಲ. ಇಷ್ಟಕ್ಕೆ ಆಸ್ಪತ್ರೆ ಅಂದ್ರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ," ಅಂದಳು ಅತ್ತೆ.

"ಮೋಸ ಇರೋದೇ ಅಲ್ಲಿ, ಅಮ್ಮ. ಮೈ ರೋಗದ ಜೊತೆ ಜಗಳಕ್ಕೆ ನಿಂತ್ರೇನೇ ಜ್ವರ, ನೋವು ಬರೋದು. ನಿಮ್ಮ ಕಿಡ್ನಿ ಜೊತೆ ಜಗಳ ಆಡದಿರಲಿ ಅಂತ ಮಾತ್ರೆ ಕೊಟ್ಟು ಅಕ್ಕನ ಮೈನ ಸುಮ್ಮನಿರಿಸಿದಾರೆ. ಸೋಂಕು ಒಳಗೆ ಬಂದ್ರೂ ಸದ್ದು ಮಾಡಲ್ಲ."

ಹಾಗಾದರೆ ಆ ಮಾತ್ರೆಯನ್ನೇ ನಿಲ್ಲಿಸೋಣವೇ ಎಂದು ಅತ್ತೆ ಕೇಳಿದಳು. ಡಾಕ್ಟರು ಹೇಳದೆ ಒಂದು ಹೊತ್ತೂ ತಪ್ಪಿಸಬಾರದು, ತಪ್ಪಿಸಿದರೆ ಕಿಡ್ನಿಗೇ ಕುತ್ತು ಎಂದಳು ನರ್ಸ್.

ಸೊಸೆ ತಲೆ ತಗ್ಗಿಸಿದಳು. ಗಂಟು ಎದ್ದು ಹನ್ನೆರಡು ದಿನವಾಗಿತ್ತಂತೆ. ಉದ್ದ ತೋಳಿನ ಅಂಗಿಯಲ್ಲಿ ಮುಚ್ಚಿಟ್ಟಿದ್ದಳು. "ನೀವು ಕೊಟ್ಟಿದ್ದನ್ನ ಹಾಳು ಮಾಡ್ಕೊಂಡೆ ಅಂತ ನೊಂದ್ಕೋತೀರೇನೋ ಅಂತ ಹೆದರಿದೆ, ಅತ್ತೆ."

ಅತ್ತೆ ಅವಳ ಕೈ ಹಿಡಿದುಕೊಂಡಳು. "ಹುಚ್ಚಿ, ಕಿಡ್ನಿ ಉಳೀಲಿ ಅಂತ ಕೊಟ್ಟೆನಾ? ನೀನು ಉಳೀಲಿ ಅಂತ ಕೊಟ್ಟೆ. ಏಳು, ಚಪ್ಪಲಿ ಹಾಕ್ಕೊ."

ಆ ಮಧ್ಯಾಹ್ನವೇ ವೈದ್ಯರು ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಶಿಲೀಂಧ್ರದ, ಅಂದರೆ ಫಂಗಸ್‌ನ ಸೋಂಕು ಎಂದು ವರದಿ ಬಂತು. ಎದೆಯ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು, ಅದು ಶ್ವಾಸಕೋಶದಲ್ಲಿ ಬೇರೂರಿ, ರಕ್ತದೊಡನೆ ಹರಿದು ಚರ್ಮದಲ್ಲಿ ತಲೆ ಎತ್ತಿತ್ತು. ಇನ್ನೂ ತಡ ಮಾಡಿದ್ದರೆ ಮಿದುಳಿಗೂ ಏರಬಹುದಿತ್ತು. ತಿಂಗಳುಗಟ್ಟಲೆ ಔಷಧಿ ನಡೆಯಿತು. ಗಂಟು ಕರಗಿತು, ಕಿಡ್ನಿಯೂ ಉಳಿಯಿತು.

ಈಗ ವಾರಕ್ಕೊಮ್ಮೆ ಕಿಟಕಿಯ ಬೆಳಕಿನಲ್ಲಿ ಅತ್ತೆ ಸೊಸೆಯ ಬೆನ್ನು, ಕಾಲು, ಬೆರಳ ಸಂದು ಎಲ್ಲ ನೋಡುತ್ತಾಳೆ. ಕಚಗುಳಿ ತಾಳದೆ ಸೊಸೆ ನಗುತ್ತಾಳೆ.

ನಿಮ್ಮ ಮನೆಯಲ್ಲೂ ಅಂಗಾಂಗ ಕಸಿ ಮಾಡಿಸಿಕೊಂಡವರಿದ್ದರೆ ಅವರ ಮೈಮೇಲೊಂದು ಕಣ್ಣಿಡಿ. ಹೊಸ ಗಂಟು, ಗುಳ್ಳೆ, ಕಲೆ, ಮಾಯದ ಹುಣ್ಣು ಏನೇ ಕಂಡರೂ ಅದೇ ದಿನ ಕಸಿ ಮಾಡಿದ ಆಸ್ಪತ್ರೆಗೆ ತಿಳಿಸಿ. ನೋವು ಬರಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಅವರ ಮೈ ಕೂಗಿ ಹೇಳಲಾರದು. ನೀವೇ ನೋಡಿ ತಿಳಿಯಬೇಕು.