ಬಲಕ್ಕೆ ಎಳೆಯುವ ಕುರ್ಚಿ

ಎರಡು ತಿಂಗಳಲ್ಲಿ ನಾಲ್ಕನೆಯ ಸಲ ಅಕ್ಕ ತಮ್ಮನ ಸೈಕಲ್ ರಿಪೇರಿ ಅಂಗಡಿಗೆ ಬಂದಾಗಲೂ ಅದೇ ದೂರು: ಗಾಲಿಕುರ್ಚಿ ಬಲಕ್ಕೆ ಎಳೆಯುತ್ತದೆ, ಶಾಲೆಯ ಕಾರಿಡಾರಿನಲ್ಲಿ ಗೋಡೆಗೆ ಹೋಗಿ ಮುತ್ತಿಕ್ಕುತ್ತದೆ. ಲೆಕ್ಕ ತಪ್ಪಿದ ಹುಡುಗರನ್ನು ನೋಡುವಂತೆಯೇ, ಆ ಶಾಲೆಯ ಗಣಿತದ ಮೇಡಂ ಆಗಿದ್ದ ಅವಳು ತಮ್ಮನನ್ನು ನೋಡಿದಳು.

ಆ ಕುರ್ಚಿಗೆ ಹಿಂದಿನಿಂದ ತಳ್ಳುವ ಹಿಡಿಗಳಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಕೆಲಸ ಸಿಕ್ಕಿದ ದಿನವೇ ಅವಳು ತಮ್ಮನ ಕೈಯಲ್ಲಿ ಬಿಚ್ಚಿಸಿದ್ದಳು. ಹಿಡಿ ಇದ್ದರೆ ದಾರಿಹೋಕರೆಲ್ಲ ಕೇಳದೆ ತಳ್ಳುತ್ತಾರೆ, ಬಿಸಾಕು ಎಂದಿದ್ದಳು. ಅಂದಿನಿಂದ ತನ್ನ ತೋಳಿನ ಬಲದಲ್ಲೇ ಓಡಾಡಿದವಳು.

ಊರಿನ ಸೈಕಲ್‌ಗಳನ್ನೆಲ್ಲ ದಾರಿಗೆ ತಂದ ತಮ್ಮನಿಗೆ ಒಡಹುಟ್ಟಿದವಳ ಕುರ್ಚಿಯೊಂದು ಬಗ್ಗುತ್ತಿರಲಿಲ್ಲ. ಮೊದಲ ಸಲ ಮುಂದಿನ ಪುಟ್ಟ ಚಕ್ರಗಳ ಅಚ್ಚಿಗೆ ಸುತ್ತಿದ್ದ ಕೂದಲು, ದಾರ ಕಿತ್ತು, ಚಕ್ರಗಳನ್ನೇ ಬದಲಾಯಿಸಿದ. ಎರಡನೆಯ ಸಲ ಬಲಗಡೆಯ ಗಾಲಿಗೆ ಹೊಸ ಬೇರಿಂಗ್. ಮೂರನೆಯ ಸಲ ಎರಡೂ ಟೈರು. ಇನ್ನು ಬದಲಾಯಿಸಲು ಉಳಿದಿರುವುದು ಅಕ್ಕನೊಬ್ಬಳೇ ಎಂದು ತಮಾಷೆ ಮಾಡಿದ್ದ. ಅವಳೂ ನಕ್ಕಿದ್ದಳು.

ಈ ಸಲ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಕುರ್ಚಿಯಲ್ಲಿ ತಾನೇ ಕುಳಿತ. ಅಕ್ಕನ ಜಾಗದಲ್ಲಿ ಕೂರಲು ಮನಸ್ಸೊಪ್ಪದೆ ಇಷ್ಟು ವರ್ಷ ಹಾಗೆ ಮಾಡಿರಲಿಲ್ಲ. ಬಾಗಿಲಿನಿಂದ ಎದುರು ಗೋಡೆಯವರೆಗೆ ಗಾಲಿ ತಿರುಗಿಸಿಕೊಂಡು ಹೋದ. ಕುರ್ಚಿ ಗೆರೆ ಎಳೆದಂತೆ ನೆಟ್ಟಗೆ ಹೋಯಿತು. ಇನ್ನೊಮ್ಮೆ ಹೋದ. ಆಗಲೂ ನೆಟ್ಟಗೆ.

ಆಗ ಗಾಲಿಗಳ ಹೊರಬದಿಯಲ್ಲಿ ಕೈಯಿಂದ ಹಿಡಿದು ತಿರುಗಿಸುವ ಲೋಹದ ಬಳೆಗಳತ್ತ ಕಣ್ಣು ಹೋಯಿತು. ಶಾಲೆ ಶುರುವಾಗುವ ಮುಂಚೆ ಎರಡಕ್ಕೂ ಒಂದೇ ದಿನ ಕಪ್ಪು ಬಣ್ಣ ಹೊಡೆದಿದ್ದ. ಎಡಗಡೆಯದು ಸವೆದು ಲೋಹ ಹೊಳೆಯುತ್ತಿತ್ತು. ಬಲಗಡೆಯ ಬಣ್ಣ ಹಾಗೇ ಇತ್ತು. ಹಿಂದಿನ ಸಲವೂ ಇದನ್ನು ನೋಡಿದ್ದ, ಬಲಗಡೆ ಚೆನ್ನಾಗಿ ಹೊಡೆದಿದ್ದೇನೆಂದು ಬೀಗಿದ್ದ. ಈಗ ಅರ್ಥವಾಯಿತು: ಅವಳ ಬಲಗೈ ಆ ಬಳೆಯನ್ನು ಗಟ್ಟಿಯಾಗಿ ಹಿಡಿಯುತ್ತಲೇ ಇರಲಿಲ್ಲ.

"ಅಕ್ಕ, ಬಲಗೈ ಕೊಡು. ನನ್ನ ಕೈ ಗಟ್ಟಿಯಾಗಿ ಹಿಡಿ," ಎಂದ.

ಅವಳ ಕೈ ಮಡಿಲು ಬಿಟ್ಟು ಮೇಲೇಳಲಿಲ್ಲ.

"ಹಿಡಿತ ಹೋಗಿ ಮೂರು ತಿಂಗಳಾಯ್ತು," ಎಂದಳು. "ಸೀಮೆಸುಣ್ಣನೂ ಜಾರಿ ಬೀಳತ್ತೆ. ಕುರ್ಚಿದೇ ತಪ್ಪಿರ್ಲಿ ಅಂದ್ಕೊಂಡೆ ಕಣೋ. ಕುರ್ಚಿ ಆದ್ರೆ ನೀನು ಸರಿ ಮಾಡ್ತೀಯಲ್ಲ."

ಅವನಿಗೆ ಈಗ ತಿಳಿಯಿತು: ತಾನು ಹಾಕಿದ ಒಂದೊಂದು ಹೊಸ ಭಾಗವೂ ಅವಳು ಡಾಕ್ಟರ ಬಳಿ ಹೋಗುವುದನ್ನು ಇನ್ನಷ್ಟು ಮುಂದೂಡಿತ್ತು. ಅಂಗಡಿ ಮುಚ್ಚಿ ಈಗಲೇ ಆಸ್ಪತ್ರೆಗೆ ಹೋಗೋಣ ಎಂದ. ಅವಳು ಒಪ್ಪಿದಳು. ಆದರೆ ಆಸ್ಪತ್ರೆ ಏರಿನ ಮೇಲಿತ್ತು. ಒಂದೇ ಕೈಯಲ್ಲಿ ಅದನ್ನು ಹತ್ತುವಂತಿರಲಿಲ್ಲ.

"ಆ ಹಿಡಿಗಳನ್ನ ನಿಜವಾಗ್ಲೂ ಬಿಸಾಕಿದ್ಯಾ?" ಎಂದು ಮೆಲ್ಲನೆ ಕೇಳಿದಳು.

ಅವನು ಕೆಳಗಿನ ಕಪಾಟಿನಿಂದ ಬಟ್ಟೆಯ ಗಂಟೊಂದನ್ನು ತೆಗೆದ. ಗ್ರೀಸ್ ಸವರಿ ಇಟ್ಟಿದ್ದ ಹಿಡಿಗಳಿಗೆ ಚೂರೂ ತುಕ್ಕು ಹಿಡಿದಿರಲಿಲ್ಲ. ಈ ದಿನಕ್ಕೇ ಕಾದು ಕುಳಿತವನಂತೆ ಕಂಡೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದ. ಅವನು ನಾಲ್ಕು ಬೋಲ್ಟು ಹಾಕಿ ಹಿಡಿಗಳನ್ನು ಬಿಗಿಯುವುದನ್ನು ಅವಳು ನೋಡುತ್ತ ಕುಳಿತಳು.

ಅವಳನ್ನು ಕುರ್ಚಿಗೆ ಕೂರಿಸಿ, ಬಾಗಿಲಿಗೆ ಬೀಗ ಹಾಕಿ, ಹಿಂದೆ ಬಂದು ನಿಂತ. ಹಿಡಿಗಳನ್ನು ಮುಟ್ಟಲಿಲ್ಲ.

"ಅಕ್ಕ, ತಳ್ಳಲಾ?"

ಅವಳ ಎಡಗೈ ಇನ್ನೂ ಬಳೆಯ ಮೇಲಿತ್ತು. ಅದನ್ನು ತೆಗೆದು ಬಲಗೈಯ ಮೇಲಿಟ್ಟುಕೊಂಡಳು.

"ಹೂಂ, ತಳ್ಳು," ಎಂದಳು.