ರೀಜಾಯಿನ್ ರೊಕ್ಕ

ಹುಲುಗಪ್ಪನ ಹೆಸರೆತ್ತಿದರೆ ಈಗಲೂ ಮೈ ಉರಿಯುತ್ತದೆ. ನನ್ನ ಲಾರಿಗೆ ಕ್ಲೀನರ್ ಆಗಿ ಬಂದವನು. ಸ್ಟೇರಿಂಗ್ ಹಿಡಿಯಲು ಕಲಿಸಿದವನು ನಾನು, ಇಸ್ಪೀಟು ಹಿಡಿಯಲು ಕಲಿಸಿದವನೂ ನಾನೇ. ನನ್ನ ಲಾರಿ ಅಂದೆನಲ್ಲ, ಅದು ಬಳ್ಳಾರಿಯ ಸಾಹುಕಾರನದು. ಅದಿರಿನ ಧೂಳು ಕುಡಿದದ್ದಷ್ಟೇ ನನ್ನ ಪಾಲು. ಆ ಹಳೆ ಗಾಡಿಯನ್ನೂ ಅವನು ಗುಜರಿಗೆ ಹಾಕುವವನಿದ್ದ. ಆಮೇಲೆ ನಮಗಿಬ್ಬರಿಗೂ ಕೆಲಸವಿಲ್ಲ.

ಅದಿರಿಗೆ ಬೆಲೆ ಬಂದು ಸಾಹುಕಾರರು ಮೆರೆಯುತ್ತಿದ್ದ ಕಾಲ. ನಮ್ಮವನು ಸಿರುಗುಪ್ಪದ ತನ್ನ ಅಕ್ಕಿ ಗಿರಣಿಯಲ್ಲಿ ರಮ್ಮಿ ಪಂದ್ಯ ಇಟ್ಟ. ಗೆದ್ದವನಿಗೆ ಒಂದು ಟಿಪ್ಪರ್! ಕುರುಗೋಡಿನ ಮನೆಯಲ್ಲಿ ನನ್ನ ಹೆಂಡತಿ ಮದಾರಬೀ ಪಂದ್ಯಕ್ಕೆ ಕಟ್ಟಲೆಂದು ತಾನೇ ಚಿನ್ನದ ಬಳೆ ಬಿಚ್ಚಿ ಕೊಟ್ಟಳು.

"ಇನ್ನೊಬ್ರ ಗಾಡಿ ಹೊಡದದ್ದು ಸಾಕ್ರಿ. ನಮ್ದು ಅಂತ ಒಂದ್ ಆಗ್ಲಿ."

ಆ ಆಟದಲ್ಲಿ ಒಬ್ಬ ಎಲೆ ಕೂಡಿಸಿ ಶೋ ಮಾಡಿದರೆ, ಉಳಿದವರ ಕೈಯಲ್ಲಿ ಕೂಡದೆ ಮಿಕ್ಕ ಎಲೆಗಳೇ ಅವರ ಪಾಯಿಂಟ್. ಇನ್ನೂರೊಂದು ಮುಟ್ಟಿದವನು ಔಟ್. ಆದರೆ ಮತ್ತೆ ರೊಕ್ಕ ಕಟ್ಟಿ ಕೂರಬಹುದು, ಅದೇ ರೀಜಾಯಿನ್. ಷರತ್ತು ಒಂದೇ: ಆಟದಲ್ಲಿ ಉಳಿದವರು ಯಾರೂ ನೂರಾ ಎಪ್ಪತ್ತೈದು ದಾಟಿರಬಾರದು. ಒಬ್ಬ ದಾಟಿದರೂ ಬಾಗಿಲು ಬಂದ್.

ನಾನೂ ಹುಲುಗಪ್ಪನೂ ಮೊದಲೇ ಮಾತಾಡಿಕೊಂಡಿದ್ದೆವು. ಎಂಥ ಕೆಟ್ಟ ಎಲೆ ಬಂದರೂ ನಾನು ಹಿಂದೆ ಸರಿಯದೆ ಮೈಮೇಲೆ ಬಿದ್ದು ಆಡಿ, ಉಳಿದವರನ್ನು ಉರುಳಿಸಬೇಕು. ಹುಲುಗಪ್ಪ ತಣ್ಣಗೆ ಆಡಿ, ಪಾಯಿಂಟ್ ಕಡಿಮೆ ಇಟ್ಟುಕೊಂಡು, ನನಗೆ ಬಾಗಿಲು ತೆರೆದಿಡಬೇಕು. ಯಾರು ಗೆದ್ದರೂ ಟಿಪ್ಪರ್ ಇಬ್ಬರದು, ಮದಾರಬೀಗೂ ಹಾಗೇ ಹೇಳಿದ್ದೆ. ರೀಜಾಯಿನ್ ರೊಕ್ಕ ಸ್ವಂತ ಜೇಬಿನಲ್ಲಿಟ್ಟುಕೊಂಡರೆ ಅಪಶಕುನ ಅಂತ ನಮ್ಮ ಡ್ರೈವರುಗಳ ನಂಬಿಕೆ. ಬಳೆಯ ರೊಕ್ಕವನ್ನೂ ಅವನ ಕೈಗೇ ಕೊಟ್ಟೆ. ಎಂಥ ಹುಂಬ ನಾನು!

ಕೊನೆಗೆ ಮೂವರು ಉಳಿದೆವು: ನಾನು, ಅವನು, ಸಾಹುಕಾರನ ಭಾವಮೈದ ಗುರುಸ್ವಾಮಿ. ಗುರುಸ್ವಾಮಿ ಶೋ ಮಾಡಿದ, ನಾನು ಔಟಾದೆ. ಚಿಂತೆಯಿರಲಿಲ್ಲ. ಹುಲುಗಪ್ಪ ಇನ್ನೂ ನೂರಾ ಹತ್ತರಲ್ಲಿದ್ದ.

"ರೊಕ್ಕ ತಗೀಲೇ ಹುಲುಗ," ಎಂದು ಕೈ ಚಾಚಿದೆ.

ಅವನು ಎಲೆ ತೋರಿಸದೆ ಬೋರಲು ಹಾಕಿದ. "ಫುಲ್ ಕೌಂಟ್ ಬರ್ಕೊಳ್ರಿ."

ಎಲೆ ತೋರಿಸದವನಿಗೆ ಬೀಳುವ ಫುಲ್ ಕೌಂಟ್ ಅಂದರೆ ಎಂಬತ್ತು! ನೂರಾ ತೊಂಬತ್ತಾಯಿತು. ನನ್ನ ಬಾಗಿಲು ಮುಚ್ಚಿತು. ತಡೆಯಲಾಗದೆ ಅವನ ಎಲೆಗಳನ್ನು ತಿರುಗಿಸಿದೆ. ಎಲ್ಲವೂ ಕೂಡಿಬಂದಿದ್ದವು, ಮಿಕ್ಕಿದ್ದು ಒಂದೇ ಒಂದು ಎರಡರ ಎಲೆ. ಎರಡು ಪಾಯಿಂಟ್ ಹಾಕಿಕೊಳ್ಳಬೇಕಾದವನು ಎಂಬತ್ತು ಹಾಕಿಕೊಂಡಿದ್ದ.

"ಯಾಕಲೇ?" ಅಂದೆ.

"ತಗೋ ಅಣ್ಣಾ, ನಿನ್ನ ರೊಕ್ಕ. ಒಂದ್ ನೋಟೂ ಮುಟ್ಟಿಲ್ಲ ನಾ," ಅಂದ ಆ ಹರಿಶ್ಚಂದ್ರ.

ಮುಂದಿನ ಆಟಕ್ಕೇ ಗುರುಸ್ವಾಮಿ ಗೆದ್ದ. ಟಿಪ್ಪರಿನ ಬೀಗದ ಕೈ ತಗೊಂಡು ನೇರವಾಗಿ ಹುಲುಗಪ್ಪನ ಅಂಗೈಗೆ ಹಾಕಿದ. ಅಲ್ಲಿಗೆ ಎಲ್ಲ ತಿಳಿಯಿತು.

ಗಿರಣಿಯ ಅಂಗಳದಲ್ಲಿ ಭತ್ತ ಒಣಹಾಕಿದ್ದರು. ಅದರ ಅಂಚು ಹಿಡಿದು ನಡೆಯುತ್ತಿದ್ದೆ. ಹುಲುಗಪ್ಪ ಓಡಿ ಬಂದ.

"ಸಿಟ್ಟಾಗಬ್ಯಾಡಣ್ಣಾ. ಗುರುಸ್ವಾಮಿಯವ್ರು ಗೆದ್ರ ಟಿಪ್ಪರಿಗೆ ನನ್ನ ಪರ್ಮನೆಂಟ್ ಡ್ರೈವರ್ ಮಾಡ್ಕೊಂತೀನಿ ಅಂದಿದ್ರು. ಕ್ಲೀನರ್ ಜಾಗ ಖಾಲಿ ಐತಿ. ನಿನಗಂತ ಹೇಳಿಟ್ಟೀನಿ."

ಥೂ! ಗೇಲಿ ಮಾಡಿದ್ದರೆ ಕಪಾಳಕ್ಕೆ ಬಾರಿಸಿ ಹಗುರಾಗುತ್ತಿದ್ದೆ. ಅವನು ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದ.

ಕುರುಗೋಡಿನಲ್ಲಿ ಬಸ್ಸಿಳಿದು ಮನೆ ಸೇರಿದೆ. ಮದಾರಬೀ ಬಾಗಿಲಲ್ಲೇ ಇದ್ದಳು.

"ಏನಾತ್ರಿ?"

"ನಾ ಔಟಾದೆ," ಅಂದೆ. "ಟಿಪ್ಪರ್ ಕೀಲಿ ಹುಲುಗನ ಕೈಗೆ ಹೋತು."

ಅವಳು ಬರಿಗೈ ಎರಡನ್ನೂ ಎದೆಗೊತ್ತಿಕೊಂಡು ನಕ್ಕಳು. "ಯಾ ಅಲ್ಲಾ! ಹಂಗಾದ್ರ ನಮ್ಮ ಕೈಗೇ ಬಂದಂಗ ಬಿಡ್ರಿ."